ಪೊಟ್ಟಣದಲ್ಲಿ ಬಂದ ಬಿಸಿಲು

ನನ್ನ ಮೈಯ ವಿಚಾರ ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿದೆ. ತುಮಕೂರಿನಲ್ಲಿ ನಮ್ಮ ಅತ್ತೆಗೆ ಗೊತ್ತಿದೆ, ಗುಬ್ಬಿಯಲ್ಲಿ ನಾದಿನಿಗೆ ಗೊತ್ತಿದೆ, ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಪಕ್ಕ ಕೂತಿದ್ದ ಅಪರಿಚಿತ ಹೆಂಗಸಿಗೂ ಗೊತ್ತಿತ್ತು. ಆಕೆ ನನ್ನ ಮೊಣಕೈಯ ಕೆಂಪು ದದ್ದು ನೋಡಿ, "ಬದ್ನೇಕಾಯಿ ತಿಂದ್ರಾ?" ಎಂದಳು. ತಿಂದಿರಲಿಲ್ಲ. "ಹಂಗಾರೆ ತಿನ್ಬೇಕು ಅಂತ ಆಸೆ ಪಟ್ಟಿರ್ತೀರ" ಎಂದಳು. ಇಂಥ ವೈದ್ಯಶಾಸ್ತ್ರದ ಎದುರು ಯಾವ ವಿಜ್ಞಾನ ನಿಂತೀತು?

ಕಾಯಿಲೆಯ ಹೆಸರು ಪಿತ್ತದ ಗಂಧೆ. ಹೋದ ವರ್ಷ ಆಷಾಢದಲ್ಲಿ ಶುರುವಾಯಿತು. ಮೊದಲು ಸೊಂಟದ ಹತ್ತಿರ ಒಂದು ತುರಿಕೆ. ಕೆರೆದರೆ ಸೊಳ್ಳೆ ಕಚ್ಚಿದಷ್ಟು ದಪ್ಪ, ಇನ್ನೂ ಕೆರೆದರೆ ನಿಪ್ಪಟ್ಟಿನಷ್ಟು. ಆಮೇಲೆ ನಿಪ್ಪಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಬೆನ್ನ ಮೇಲೆ ನಕಾಶೆ ಬರೆಯುತ್ತವೆ. ಕೆಲವು ಗಂಟೆ ಕಳೆದರೆ ಏನೂ ನಡೆದೇ ಇಲ್ಲ ಎಂಬಂತೆ ಮಾಯ. ಮರುದಿನ ತೊಡೆಯ ಮೇಲೆ ಹೊಸ ನಕಾಶೆ. ತಿಂಗಳುಗಟ್ಟಲೆ ಹೀಗೆ.

ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು. ಬೇಡಿಕೆ, ಪೂರೈಕೆ ಎಂದು ಬೋರ್ಡಿನ ಮೇಲೆ ಗೆರೆ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಡಸ್ಟರಿನ ಮರದ ಬದಿಯಿಂದ ಬೆನ್ನು ಕೆರೆದುಕೊಳ್ಳುವ ವಿದ್ಯೆ ಕಲಿತೆ. ಹುಟ್ಟಾ ಚಿಂತೆಗಾರ್ತಿ ಬೇರೆ. ಊರ್ಡಿಗೆರೆಗೆ ಮದುವೆಗೆ ಹೊರಟು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬಂದು, ಆಫ್ ಆಗಿರುವುದನ್ನು ನೋಡಿ, ನೋಡುವಾಗ ಕೈತಾಗಿ ಆನ್ ಮಾಡಿಬಿಟ್ಟೆನೇನೋ ಎಂದು ಮುಹೂರ್ತವಿಡೀ ಬೆವೆತವಳು. ಅಂಥವಳಿಗೆ ಕಾರಣವಿಲ್ಲದೆ ಬರುವ, ಕಾರಣವಿಲ್ಲದೆ ಹೋಗುವ ರೋಗ ಕೊಟ್ಟ ದೇವರ ಹಾಸ್ಯಪ್ರಜ್ಞೆ ತೀರಾ ಕೀಳುಮಟ್ಟದ್ದು. ಪ್ರತಿ ದದ್ದಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡೆ. ಮದುವೆ ಆಲ್ಬಮ್ಮನ್ನು ಕೂಡ ನಾನು ಅಷ್ಟು ಸಲ ನೋಡಿಲ್ಲ.

ಮನೆಯಲ್ಲಿ ನಾವು ಮೂವರು: ನಾನು, ಗಂಡ, ಅತ್ತೆ. ಗಂಡನದು ಒಂದೇ ಔಷಧಿ. ಪೇಪರಿನ ಹಿಂದಿನಿಂದ, "ಟೆನ್ಶನ್ ಮಾಡ್ಕೋಬೇಡ ಕಣೇ, ಅದಕ್ಕೇ ಬರೋದು." ಟೆನ್ಶನ್ ಮಾಡಿಕೊಳ್ಳದಿರುವುದು ಅವರ ಪೂರ್ಣಾವಧಿ ವೃತ್ತಿ, ಆಫೀಸಿಗೆ ಹೋಗುವುದು ಹವ್ಯಾಸ. ಇನ್ನು ಅತ್ತೆ, ನಮ್ಮ ಸಂಸಾರದ ಸುಪ್ರೀಂ ಕೋರ್ಟು. ಗಂಧೆ ಕಂಡ ವಾರದಲ್ಲೇ ವಿಚಾರಣೆ ಶುರುವಾಯಿತು. ಬದನೆಕಾಯಿಗೆ ಮೊದಲು ಶಿಕ್ಷೆಯಾಯಿತು. ಆಮೇಲೆ ಕಡಲೆಕಾಯಿ, ಹುಣಸೆಹಣ್ಣು, ಮೊಸರು. ಒಂದೊಂದನ್ನು ಬಿಟ್ಟಾಗಲೂ ಗಂಧೆ ಬಿಡಲಿಲ್ಲ. ಆದರೆ ಬಿಟ್ಟದ್ದನ್ನು ವಾಪಸ್ ಕೊಡುವ ಪದ್ಧತಿ ನಮ್ಮ ಕೋರ್ಟಿನಲ್ಲಿ ಇಲ್ಲ. ಚಳಿ ಇಟ್ಟುಕೊಳ್ಳುವ ಹೊತ್ತಿಗೆ ನನ್ನ ತಟ್ಟೆಯಲ್ಲಿ ಅನ್ನ, ಹೆಸರುಬೇಳೆ ತೊವ್ವೆ ಮತ್ತು ನನ್ನ ಮುಖದ ಪ್ರತಿಬಿಂಬ, ಇಷ್ಟೇ ಉಳಿದಿತ್ತು.

ಆಗ ಅವರೆಕಾಯಿ ಬಂತು.

ಅತ್ತೆಯ ತವರು ಅಮೃತೂರಿನ ಹತ್ತಿರ. ಅವರ ತಮ್ಮ ಪ್ರತಿ ಚಳಿಗಾಲ ಖಾಸಗಿ ಬಸ್ಸಿನ ಟಾಪಿನ ಮೇಲೆ ಅವರೆಕಾಯಿ ಚೀಲ ಹಾಕಿ ಕಳಿಸುತ್ತಾರೆ. ಚೀಲ ಬಿಚ್ಚಿದರೆ ಸೊಗಡು ಬೀದಿಯ ಕೊನೆಯ ಮನೆಯವರೆಗೆ ಹೋಗುತ್ತದೆ. ಬಿಡಿಸಿದ ಬೆರಳಿಗೆ ಅಂಟಿಕೊಂಡ ಎಣ್ಣೆ ಸೋಪಿಗೂ ಜಗ್ಗುವುದಿಲ್ಲ. ನಾನು ಹುಟ್ಟಿದ್ದೇ ಅವರೆಕಾಯಿ ತಿನ್ನಲು ಎಂದು ನನ್ನ ನಂಬಿಕೆ. ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ, ಮೇಲೆ ತುಪ್ಪ. ಇದರ ಮುಂದೆ ಕೈಲಾಸವೂ ಸ್ವಲ್ಪ ಸಪ್ಪೆಯೇ. ಚೀಲ ಹಜಾರಕ್ಕೆ ಬಂದ ದಿನ ಅತ್ತೆ ತೀರ್ಪು ಕೊಟ್ಟರು: "ಅವರೆಕಾಯಿ ವಾಯು, ಪಿತ್ತ ಎಲ್ಡೂವೆ. ನೀನು ಮುಟ್ಬ್ಯಾಡ ಕಣವ್ವ."

ಮುಟ್ಟಬೇಡ ಎಂದರೆ ತಿನ್ನಬೇಡ ಎಂದರ್ಥ. ಬಿಡಿಸುವುದಕ್ಕೆ, ನೆನೆ ಹಾಕುವುದಕ್ಕೆ, ಒಂದೊಂದೇ ಕಾಳನ್ನು ಹೆಬ್ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಚಿಮ್ಮಿಸುವುದಕ್ಕೆ ಯಾವ ಅಭ್ಯಂತರವೂ ಇರಲಿಲ್ಲ. ಟಿವಿ ಮುಂದೆ ಕೂತು ಬೇಸಿನ್ ತುಂಬ ಹಿತಕಿದೆ. ತಿಂದವರು ಅವರಿಬ್ಬರು. ನನ್ನ ಗಂಡ ಮುದ್ದೆ ಮುರಿದು ಸಾರಿಗೆ ಅದ್ದಿ, ಕಣ್ಣು ಮುಚ್ಚಿ, "ಈ ಸಲದ್ದು ಏನ್ ಸೊಗಡು!" ಎಂದಾಗ ನನ್ನ ಮೈಮೇಲೆ ಎದ್ದದ್ದು ಪಿತ್ತದ್ದಲ್ಲ. ಆ ಚಳಿಗಾಲದಲ್ಲಿ ನನಗೆ ಬೇಕಾದದ್ದು ಒಂದೇ: ಶಿವರಾತ್ರಿಗೆ ಚಳಿಯ ಜೊತೆ ಅವರೆಯೂ ಹೋಗಿಬಿಡುವ ಮೊದಲು, ಒಂದು ಹೊತ್ತು ಹಿತಕಿದ ಬೇಳೆ ಸಾರು.

ಗಂಧೆ ಹೋದರೆ ಅವರೆಕಾಯಿ. ಆದ್ದರಿಂದ ಗಂಧೆ ಓಡಿಸಲು ಹೊರಟೆ.

ಮೊದಲು ಗುಬ್ಬಿಗೆ. ನಾದಿನಿ ಹಠ ಹಿಡಿದು ಕರೆಸಿದಳು. ಅವಳಿಗೆ ಎಲ್ಲ ಕಾಯಿಲೆಯ ವಿಡಿಯೋ ಮೊಬೈಲಿನಲ್ಲಿ ಬರುತ್ತದೆ; ರೋಗ ಬರುವ ಮೊದಲೇ ಬರುತ್ತದೆ. ಹಿತ್ತಲಿನ ದೊಡ್ಡಪತ್ರೆ ಎಲೆ ಕಿತ್ತು, ಕಿವುಚಿ, ನನ್ನ ಬೆನ್ನಿಗೆಲ್ಲ ತಿಕ್ಕಿ, ಮೇಲೆ ಕರಿಕಂಬಳಿ ಹೊದಿಸಿ ಉಜ್ಜತೊಡಗಿದಳು. ಗಂಧೆಗೆ ಕರಿಕಂಬಳಿ ನಮ್ಮ ಕಡೆ ಹಳೆಯ ಚಿಕಿತ್ಸೆ. ಉಜ್ಜುವಾಗ ಸ್ವರ್ಗಸುಖ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪುತ್ತೇನೆ. ನಿಲ್ಲಿಸಿದ ಮೇಲೆ ಬೆನ್ನು ಒಲೆಯಾಯಿತು. ಮೈಯೆಲ್ಲ ಕುರಿ ವಾಸನೆ, ಮಸಾಲೆ ಹಾಕಿದ ಕುರಿ.

"ಹೆಂಗಿದೆ ಅತ್ತಿಗೆ?"

"ಉರೀತಿದೆ."

"ಉರಿದ್ರೆ ಒಳ್ಳೇದು. ಒಳಗಿರೋದು ಹೊರಗೆ ಬರ್ತಿದೆ."

"ಹೊರಗೆ ಬಂದಿರೋದೇ ಅಲ್ವೇನೇ ಕಾಯಿಲೆ? ಒಳಗೆ ಹೋಗೋಕೆ ಏನಾದ್ರೂ ಮಾಡು."

ಅವಳು ನಗಲಿಲ್ಲ. ಚಿಕಿತ್ಸಕರು ನಗುವುದಿಲ್ಲ. ಸಂಜೆ ನಾಗರಕಲ್ಲಿಗೆ ಹಾಲೆರೆಸಿ, ಕಲ್ಯಾಣಿಗೆ ಉಪ್ಪು ಬೆಲ್ಲ ಹಾಕಿಸಿದಳು. ಅದು ಕರಗಿದ ಹಾಗೆ ಗಂಧೆ ಕರಗುತ್ತದಂತೆ. "ಹಿಂದಿನ ಜನ್ಮದಲ್ಲಿ ಹಾವು ಹೊಡ್ದಿರ್ತೀರ ನೀವು" ಎಂದಳು. ಈ ಜನ್ಮದಲ್ಲಿ ಜಿರಳೆ ಕಂಡರೆ ಮಂಚ ಹತ್ತುವ ನನಗೆ ಹಿಂದೊಮ್ಮೆ ಅಷ್ಟು ಧೈರ್ಯವಿತ್ತೆಂಬುದು ಕೇಳಿ ಹೆಮ್ಮೆಯೇ ಆಯಿತು. ವಾಪಸ್ ಬರುವ ಬಸ್ಸಿನಲ್ಲಿ ತುಟಿ ಊದಿಕೊಂಡಿತು. ಕಂಡಕ್ಟರು ಟಿಕೆಟ್ ಕೊಡುತ್ತಾ ಕನಿಕರದಿಂದ ನೋಡಿದ. ಗಂಡನ ಕೈಯಲ್ಲಿ ಹೊಡೆಸಿಕೊಂಡವಳು ಎಂದುಕೊಂಡಿರಬೇಕು. ಪಾಪ, ನನ್ನ ಗಂಡನಿಗೆ ಅಷ್ಟು ಶ್ರಮ ಎಲ್ಲಿಂದ?

ಊದಿದ ತುಟಿ ನನ್ನ ಚಿಂತೆಗೆ ಹೊಸ ಮೇವು ಹಾಕಿತು. ಮರುದಿನವೇ ತುಮಕೂರಿನ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊಡವೆಯ ಹುಡುಗ ಹುಡುಗಿಯರ ನಡುವೆ ಕೂತು ಕಾಯುವಾಗ ಬೆನ್ನು ತುಂಬ ಗಂಧೆ ಇತ್ತು. ಒಳಗೆ ಕರೆದ ಗಳಿಗೆಗೆ ಸರಿಯಾಗಿ ಒಂದೂ ಇಲ್ಲ. ಬೆನ್ನು ತೋರಿಸಿದರೆ ಮಗುವಿನ ಬೆನ್ನಿನಷ್ಟು ಸಾಫು. ಮೊಬೈಲಿನ ಆಲ್ಬಮ್ ತೆಗೆದೆ. ಡಾಕ್ಟರು ಎರಡು ಫೋಟೋ ನೋಡಿ ಸಾಕೆಂದರು. ನಾನು ಮೂರನೆಯದನ್ನೂ ತೋರಿಸಿದೆ. ಅದರಲ್ಲಿ ಬೆಳಕು ಚೆನ್ನಾಗಿ ಬಿದ್ದಿತ್ತು.

ತುಟಿ ಊದಿ ಉಸಿರು ಕಟ್ಟಿದ ಹಾಗಾದರೆ ಕಾಯದೆ ಆಸ್ಪತ್ರೆಗೆ ಓಡಬೇಕು ಎಂದು ಮೊದಲು ಎಚ್ಚರಿಸಿ, ರಕ್ತ ಪರೀಕ್ಷೆಗೆ ಬರೆದರು. ಫಲಿತಾಂಶ ತಂದು ಮುಂದಿಟ್ಟಾಗ, "ಮೇಡಂ, ಬಿಸಿಲಿಗೆ ಹೋಗ್ತೀರಾ?" ಎಂದರು.

"ಮನೆಯಿಂದ ಆಟೋಗೆ, ಆಟೋದಿಂದ ಕಾಲೇಜಿಗೆ. ಛತ್ರಿ ಇರುತ್ತೆ."

"ವಿಟಮಿನ್ ಡಿ ತುಂಬಾ ಕಮ್ಮಿ ಇದೆ. ವಾರಕ್ಕೊಂದು ಪೊಟ್ಟಣದ ಪುಡಿ, ಹಾಲಲ್ಲಿ ಹಾಕಿ ಕುಡೀರಿ. ವಾರಕ್ಕೊಂದೇ, ದಿನಾ ಅಲ್ಲ. ಗಂಧೆಗೆ ಈ ಮಾತ್ರೆ, ಇದು ದಿನಾ. ತಪ್ಪಿಸಬೇಡಿ."

"ವಿಟಮಿನ್ ತಗೊಂಡ್ರೆ ಗಂಧೆ ಹೋಗುತ್ತಾ?"

"ಕೆಲವರಿಗೆ ಸ್ವಲ್ಪ ಅನುಕೂಲ ಆಗಬಹುದು. ನಾನು ಗ್ಯಾರಂಟಿ ಕೊಡಲ್ಲ. ಕಮ್ಮಿ ಇದೆ, ತುಂಬಿಸೋಣ, ಅಷ್ಟೆ."

"ಮತ್ತೆ ಅವರೆಕಾಯಿ?"

ಡಾಕ್ಟರು ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದರು. "ಅವರೆಕಾಯಿ ಏನ್ ಮಾಡ್ತು?"

"ತಿಂದ್ರೆ ಬರುತ್ತೆ ಅಂತಾರೆ ಮನೇಲಿ."

"ತಿಂದಾಗೆಲ್ಲ ಬರುತ್ತಾ?"

"ತಿಂದರೂ ಬರುತ್ತೆ, ತಿನ್ನದಿದ್ರೂ ಬರುತ್ತೆ."

"ಮತ್ತೆ ಅದರ ಮೇಲೆ ಯಾಕೆ ಕೇಸು?"

ಈ ಮಾತನ್ನು ಮನೆಯಲ್ಲಿ ಅಕ್ಷರ ಬಿಡದೆ ಒಪ್ಪಿಸಿದೆ. ಸುಪ್ರೀಂ ಕೋರ್ಟು ಕದಲಲಿಲ್ಲ. "ಡಾಕ್ಟ್ರು ಹೇಳ್ಬುಟ್ಟು ಮನೆಗೋಗ್ತಾರೆ, ಕೆರ್ಕೊಳ್ಳೋಳು ನೀನು. ಮೊದ್ಲು ಗಂಧೆ ಪೂರಾ ಹೋಗ್ಲಿ. ಆಮ್ಯಾಕೆ ತಿನ್ನುವಂತೆ, ಯಾರ್ ಬ್ಯಾಡ ಅಂದ್ರು?" ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಬಿಸಿಲ್ನ ಪೊಟ್ಟಣ ಕಟ್ಟಿ ಮಾರ್ತಾರಾ ಈಗ? ನಮ್ಮ ಮಾಡಿ ಮ್ಯಾಲೆ ಬಿದ್ದದಲ್ಲ ರಾಶಿ ರಾಶಿ, ಅದನ್ನೂ ಮಾರ್ಕೊಂಬುಡಿ ಅತ್ಲಾಗೆ."

ಮಾತಿಗೆ ಸೋತು ನಾನು ಮಹಡಿಯ ಮೇಲೆ ಬಿಸಿಲಿಗೂ ಕೂತು ನೋಡಿದೆ. ಅತ್ತೆಯ ಹಪ್ಪಳದ ಸಾಲಿನ ಪಕ್ಕದಲ್ಲಿ, ಹಪ್ಪಳದಷ್ಟೇ ಗಾಂಭೀರ್ಯದಿಂದ. ಬೆವರಿಗೆ ಗಂಧೆ ಇನ್ನಷ್ಟು ಎದ್ದವು. ಹಪ್ಪಳ ಒಣಗಿತು, ನಾನು ಕೆಳಗಿಳಿದೆ. ಆಮೇಲೆ ಪೊಟ್ಟಣಕ್ಕೇ ಶರಣಾದೆ.

ಮನೆಯಲ್ಲಿ ಹಾಲಿನ ಪಾತ್ರೆ ಅತ್ತೆಯ ಇಲಾಖೆ. ಭಾನುವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಅವರೇ ಹಾಲು ಕಾಯಿಸುವುದು. ಪೊಟ್ಟಣಗಳನ್ನು ಅವರ ಕೈಗೆ ಕೊಟ್ಟು, "ವಾರಕ್ಕೊಂದು, ಭಾನುವಾರ" ಎಂದು ಹೇಳಿದೆ. ನಿಯಮ ನೇಮ ಎಂದರೆ ಅವರಿಗೆ ಪ್ರಾಣ. ಒಂದು ಭಾನುವಾರವೂ ತಪ್ಪಲಿಲ್ಲ. ನನ್ನ ಲೋಟ ಮೇಜಿನ ಮೇಲೆ ಬರುತ್ತಿತ್ತು, ನಾನು ಕುಡಿಯುತ್ತಿದ್ದೆ. ಮಾತ್ರೆಯನ್ನು ನಾನೇ ನುಂಗುತ್ತಿದ್ದೆ.

ಚಳಿ ಗಟ್ಟಿಯಾಗುವ ಹೊತ್ತಿಗೆ ಗಂಧೆ ತೆಳುವಾಯಿತು. ದಿನಾ ಬರುತ್ತಿದ್ದದ್ದು ದಿನ ಬಿಟ್ಟು ದಿನವಾಯಿತು. ಸಂಕ್ರಾಂತಿಗೆ ಎಳ್ಳು ಬೀರುವಾಗ ಮೈ ಮೇಲೆ ಒಂದೂ ಇರಲಿಲ್ಲ. ಆ ಸಂಕ್ರಾಂತಿಯಲ್ಲಿ ಬೇಯಿಸಿದ ಅವರೆಕಾಯಿ ಬುಟ್ಟಿಯನ್ನು ನನ್ನ ಮೂಗಿನ ಮುಂದೆ ಹಿಡಿದು ದಾಟಿಸಿದರು. "ಇನ್ನೊಂದೀಸು ದಿನ ನೋಡಾನ ತಡಿ" ಎಂದರು ಅತ್ತೆ. ತಡೆದೆ. ಆದರೆ ಬಾಯಿಯನ್ನು ತಡೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ವಿಟಮಿನ್ ಡಿ ಮೇಲೆ ಉಪನ್ಯಾಸ ಕೊಟ್ಟೆ. ಕೆಮಿಸ್ಟ್ರಿ ಹೇಳುವವರಿಗೆ ಕೆಮಿಸ್ಟ್ರಿ ಹೇಳಿದೆ. ನಾದಿನಿ ಫೋನಿನಲ್ಲಿ, "ನೋಡಿದ್ರಾ ಅತ್ತಿಗೆ, ಕಂಬಳಿ ಕೆಲಸ ಮಾಡ್ತು" ಎಂದಾಗ, ಕುರಿಗೆ ಗಂಧೆ ಬಂದರೆ ಏನು ಹೊದಿಸುತ್ತೀ ಎಂದು ಕೇಳಿದೆ. ಗಂಡ, "ಟೆನ್ಶನ್ ಬಿಟ್ಟೆ, ಹೋಯ್ತು" ಎಂದಾಗ, ಉತ್ತರ ಕೊಡುವುದು ವಿಜ್ಞಾನಕ್ಕೆ ಅವಮಾನ ಎಂದು ಸುಮ್ಮನಾದೆ. ಆ ಸಣ್ಣ ಬಿಳಿ ಮಾತ್ರೆಗೆ ಕೀರ್ತಿ ಕೊಡಲು ನನಗೂ ಮನಸ್ಸು ಬರಲಿಲ್ಲ. ಅದು ಅಗ್ಗದ್ದು, ಅದನ್ನು ಎಲ್ಲರೂ ನುಂಗುತ್ತಾರೆ. ಬಿಸಿಲಿನ ಪುಡಿ ಕುಡಿದು ಗುಣವಾದೆ ಎನ್ನುವುದರಲ್ಲಿ ಒಂದು ಗತ್ತಿತ್ತು. ಮೂಢನಂಬಿಕೆಯವರ ನಡುವೆ ನಾನೊಬ್ಬಳೇ ಕಣ್ಣು ತೆರೆದವಳು ಎಂದು ಆ ದಿನಗಳಲ್ಲಿ ನನಗೆ ನಾನೇ ತುಂಬ ಇಷ್ಟವಾಗಿದ್ದೆ.

ಶಿವರಾತ್ರಿ ಹತ್ತಿರ ಬಂತು. ಅಮೃತೂರಿನಿಂದ ಚೀಲ ಬಂತು, ಇದರ ಮೇಲೆ ಇನ್ನೊಂದೇ ಬರುವುದು ಎಂಬ ಸುದ್ದಿಯೂ ಬಂತು. ಶನಿವಾರ ಹಿತಕಿ ಬೇಸಿನ್ ತುಂಬಿಸಿದೆ. ಭಾನುವಾರದ ಸಾರಿಗೆ ಗುಬ್ಬಿಯಿಂದ ನಾದಿನಿಯೂ ಬಂದಳು. ಅವತ್ತು ಹೇಗಾದರೂ ತೀರ್ಪು ಬದಲಿಸಬೇಕೆಂದು, ವಾದದ ಮಾತುಗಳನ್ನು ಜೋಡಿಸಿಕೊಳ್ಳುತ್ತಾ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟೆ.

ಅತ್ತೆ ಹಾಲಿನ ಪಾತ್ರೆಯ ಮುಂದೆ ನಿಂತಿದ್ದರು. ಪೊಟ್ಟಣ ಹರಿದು, ಪುಡಿಯನ್ನು ಲೋಟಕ್ಕಲ್ಲ, ಪಾತ್ರೆಗೇ ಸುರಿದು, ಸೌಟಿನಲ್ಲಿ ತಿರುಗಿಸಿ, ಸಾಲಾಗಿ ಇಟ್ಟಿದ್ದ ನಾಲ್ಕು ಲೋಟಕ್ಕೆ ಸಮಸಮ ಹಂಚುತ್ತಿದ್ದರು. ಮಠದಲ್ಲಿ ಪಾಯಸ ಬಡಿಸುವ ಶ್ರದ್ಧೆ.

"ಏನತ್ತೆ ಇದು?"

"ಹಾಲು ಕಣವ್ವ."

"ನನ್ನ ಪುಡಿ ಪಾತ್ರೆಗೆ ಯಾಕೆ ಹಾಕಿದ್ರಿ?"

"ಇನ್ನೆಲ್ಲಿಗೆ ಹಾಕ್ಲಿ? ಮನೇಲಿ ಮೂರು ಜನ ಇದ್ಕಂಡು ಒಬ್ಬಳಿಗೇ ಕೊಡಕ್ಕಾಯ್ತದಾ? ಒಬ್ರೇ ಕುಡಿದ್ರೆ ಮೈಗೆ ಹತ್ತಕ್ಕಿಲ್ಲ. ಹಂಚಿ ಉಣ್ಬೇಕು."

"ದಿನಾ... ಅಂದ್ರೆ ಪ್ರತಿ ವಾರಾನೂ ಹೀಗೇನಾ?"

"ಹೂಂ. ಇವತ್ತು ಇವಳು ಬಂದವ್ಳೆ, ಅದಕ್ಕೇ ನಾಕು ಲೋಟ."

ನಾದಿನಿ ತನ್ನ ಲೋಟ ಎತ್ತಿಕೊಂಡಳು. "ನನ್ನ ಮಂಡಿ ನೋವಿಗೆ ಅಮ್ಮ ಎರಡು ಪೊಟ್ಟಣ ಕೊಟ್ಟು ಕಳಿಸಿದ್ರು ಅತ್ತಿಗೆ. ಭಾಳ ಒಳ್ಳೇದು. ನಾವೂ ಐದು ಜನ ಹಂಚ್ಕೊಂಡ್ವಿ."

ಪೇಪರಿನ ಹಿಂದಿನಿಂದ ಗಂಡ, "ಅದಕ್ಕೇ ಭಾನುವಾರದ ಹಾಲಿಗೆ ಒಂಥರಾ ಬೇರೆ ರುಚಿ" ಎಂದರು.

ನಾನು ಸ್ಟೂಲಿನ ಮೇಲೆ ಕೂತೆ. ಅಂದರೆ ಇಷ್ಟು ದಿನ ನಾನು ಕುಡಿದದ್ದು ಮೂರನೇ ಒಂದು ಪಾಲು ಬಿಸಿಲು. ಸ್ಟಾಫ್ ರೂಮಿನ ಉಪನ್ಯಾಸ, ಕುರಿಯ ತಮಾಷೆ, ಕಣ್ಣು ತೆರೆದವಳೆಂಬ ಬಿಂಕ, ಎಲ್ಲ ಕಲ್ಯಾಣಿಗೆ ಹಾಕಿದ ಉಪ್ಪು ಬೆಲ್ಲದಂತೆ ಕರಗಿತು. ಅವರದು ಕಂಬಳಿ, ನನ್ನದು ಪೊಟ್ಟಣ. ಭಕ್ತಿಯಲ್ಲಿ ನಾನೇ ಒಂದು ಕೈ ಮೇಲು. ಜಗತ್ತಿನಲ್ಲಿ ಬೇರೆ ಯಾರಾದರೂ ಡಾಕ್ಟರ ಔಷಧಿಯನ್ನು ದಾಸೋಹ ಮಾಡಿದ್ದುಂಟೇ? ಬೈಯಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ, ಒಲೆಯ ಮೇಲೆ ಮಸಾಲೆ ಹಾಕಿ ಇಟ್ಟಿದ್ದ ಹಿತಕಿದ ಬೇಳೆಯ ವಾಸನೆ ಬಂತು.

"ಅತ್ತೆ," ಎಂದೆ, "ನನ್ನ ಔಷಧೀನ ಮನೆಮಂದಿಯೆಲ್ಲ ಹಂಚ್ಕೊಂಡು ಕುಡಿದಿದ್ದೀರ."

"ಹೂಂ ಕಣವ್ವ."

"ಒಬ್ರೇ ತಿಂದ್ರೆ ಮೈಗೆ ಹತ್ತಲ್ಲ, ಅಲ್ವಾ?"

"ಹತ್ತಕ್ಕಿಲ್ಲ."

"ಮತ್ತೆ ಈ ಚಳಿಗಾಲವೆಲ್ಲ ನೀವು ತಾಯಿ ಮಗ ಇಬ್ಬರೇ ಅವರೆಕಾಯಿ ತಿಂದ್ರಲ್ಲ, ಹೆಂಗೆ ಹತ್ತಿತು?"

ಪೇಪರು ಕೆಳಗಿಳಿಯಿತು. ಅತ್ತೆ ಸೌಟನ್ನು ಪಾತ್ರೆಯಲ್ಲಿ ಒಂದು ಸುತ್ತು ತಿರುಗಿಸಿದರು, ಇನ್ನೊಂದು ಸುತ್ತು ತಿರುಗಿಸಿದರು. ಗಂಧೆಯ ಮಾತಾಗಿದ್ದರೆ ಅವರ ಹತ್ತಿರ ನೂರು ಉತ್ತರವಿತ್ತು. ಇದು ಅವರದೇ ಶಾಸ್ತ್ರ.

"ಬಾಯಿ ಜೋರಾಯ್ತು ನಿಂದು" ಎಂದರು ಕೊನೆಗೆ. "ಕೆರ್ಕೊಂಡ್ರೆ ನನ್ನ ಕರೀಬ್ಯಾಡ."

ಮಧ್ಯಾಹ್ನ ಅವರೇ ಬಡಿಸಿದರು. ಮುದ್ದೆ, ಸಾರು, ಸಾರಿನಲ್ಲಿ ಬೇಳೆ ಕಡಿಮೆ ಎನಿಸಿರಬೇಕು, ತಳದಿಂದ ಇನ್ನೊಂದು ಸೌಟು, ತುಪ್ಪ. ತಮ್ಮ ತಟ್ಟೆ ಬಿಟ್ಟು ಮೂವರೂ ನನ್ನ ಮೈ ನೋಡುತ್ತಾ ಕೂತರು, ಪಟಾಕಿಗೆ ಬೆಂಕಿ ಇಟ್ಟು ಹಿಂದೆ ಸರಿದವರ ಹಾಗೆ. ಮೊದಲ ತುತ್ತಿಗೆ ಕಿವಿಯ ಹಿಂದೆ ಚುರುಕ್ ಎಂದಿತು. ನನ್ನ ಚಿಂತೆ ನನಗಿಂತ ಮೊದಲೇ ಊಟಕ್ಕೆ ಕೂತಿತ್ತು. ಕೆರೆಯಲಿಲ್ಲ. ಎರಡನೇ ತುತ್ತಿಗೆ ಕಿವಿ ಮರೆತುಹೋಯಿತು. ಮೂರನೆಯದಕ್ಕೆ ಮೂವರೂ ಮರೆತುಹೋದರು.

ಆ ಸಂಜೆ ಏನೂ ಏಳಲಿಲ್ಲ. ಮರುದಿನವೂ ಇಲ್ಲ.

ವಾರದಲ್ಲಿ ಡಾಕ್ಟರ ಹತ್ತಿರ ಹೋಗಿ ನಾಲ್ಕು ಲೋಟದ ಕತೆ ಹೇಳಿದೆ. ಆ ಹೆಣ್ಣುಮಗಳು ಮೊದಲು ನಕ್ಕು, ಆಮೇಲೆ ನಕ್ಕದ್ದಕ್ಕೆ ಸಿಟ್ಟುಮಾಡಿಕೊಂಡು, "ಅವರಿಗೆ ಬೇಕಾದ್ರೆ ಅವರ ರಕ್ತ ನೋಡಿ ಕೊಡ್ತೀನಿ. ನಿಮ್ಮದು ನೀವೇ ಕುಡೀರಿ" ಎಂದು ಹೊಸ ಪೊಟ್ಟಣ ಬರೆದರು. ಹಾಗಾದರೆ ಗಂಧೆ ಹೋದದ್ದು ಯಾತರಿಂದ ಎಂದೆ. "ಮಾತ್ರೆಯಿಂದ ಇರಬಹುದು. ತಾನಾಗೇ ಹೋಗಿರಬಹುದು, ಎಷ್ಟೋ ಸಲ ಹೋಗುತ್ತೆ. ಗೊತ್ತಿಲ್ಲ." ಗೊತ್ತಿಲ್ಲ ಎಂಬ ಮಾತನ್ನು ಈ ಗಂಧೆಯ ಬಗ್ಗೆ ನಾನು ಕೇಳಿದ್ದು ಅದೇ ಮೊದಲು. ಗುಬ್ಬಿಗೆ ಫೋನು ಮಾಡಿ ಹೇಳಿದರೆ ನಾದಿನಿ, "ಗೊತ್ತಿಲ್ಲ ಅನ್ನೋರಿಗೆ ಯಾಕೆ ಫೀಸ್ ಕೊಡ್ತೀರ? ನನ್ನ ಕೇಳಿ, ಕಂಬಳಿ" ಎಂದಳು.

ಅದೇ ವಾರದ ಕೊನೆಗೆ, ಸ್ನಾನ ಮುಗಿಸಿ ರವಿಕೆ ತೊಡುವಾಗ, ಎಡ ಮೊಣಕೈಯ ಮೇಲೆ ಒಂದು ಕಂಡಿತು. ಸಣ್ಣದು, ದುಂಡಗೆ, ತಿಳಿಗೆಂಪು. ಅವತ್ತಿಗೆ ಮೂರು ದಿನದಿಂದ ನಾನು ಅವರೆಕಾಯಿ ಮುಟ್ಟಿರಲಿಲ್ಲ; ಚೀಲ ಖಾಲಿಯಾಗಿತ್ತು. ಆದರೆ ಈ ವಾದ ನಮ್ಮ ಮನೆಯ ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ನನಗೆ ಗೊತ್ತು. ಫೋಟೋ ತೆಗೆಯಲು ಅಭ್ಯಾಸಬಲದಿಂದ ಮೊಬೈಲ್ ಎತ್ತಿಕೊಂಡವಳು ಹಾಗೇ ಕೆಳಗಿಟ್ಟೆ.

ಹೊರಗಿನಿಂದ ಅತ್ತೆ ಕೂಗಿದರು, "ಏನವ್ವ, ಮೈ ಹೆಂಗದೆ?"

"ಚೆನ್ನಾಗಿದೆ ಅತ್ತೆ" ಎಂದು, ಉದ್ದ ತೋಳಿನ ರವಿಕೆ ಹುಡುಕಿ ತೊಟ್ಟು, ಸೆರಗನ್ನು ಮುಂಗೈವರೆಗೆ ಎಳೆದುಕೊಂಡು ಕಾಲೇಜಿಗೆ ಹೊರಟೆ. ಅಮೃತೂರಿನ ಬಸ್ಸಿನಲ್ಲಿ ಕೊನೆಯ ಚೀಲ ಅವತ್ತು ಸಂಜೆ ಬರುವುದಿತ್ತು.